ಗುಂಡಿ ಒತ್ತುವ ಮೊದಲು ಮಕ್ಕಳು ಬರೆಯಲಿ: ಒಂದೇ ಪ್ರೊಜೆಕ್ಟರಿನಲ್ಲಿ ವಿದ್ಯುತ್ ಪಾಠ

ಪ್ರಶ್ನೆ: ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. 42 ಮಕ್ಕಳು, ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್. ಇಂಟರ್ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ವಿದ್ಯುಚ್ಛಕ್ತಿ ಪಾಠಕ್ಕೆ ಸಿಮ್ಯುಲೇಶನ್, ಯೂಟ್ಯೂಬ್ ವಿಡಿಯೊ ಎಲ್ಲ ತೋರಿಸುತ್ತೇನೆ. ಮಕ್ಕಳು ಖುಷಿಯಿಂದ ನೋಡುತ್ತಾರೆ. ಆದರೆ ಮರುದಿನ ಸರಣಿ ಜೋಡಣೆಯ (ಬಲ್ಬುಗಳನ್ನು ಒಂದೇ ದಾರಿಯಲ್ಲಿ ಒಂದರ ನಂತರ ಒಂದು ಜೋಡಿಸುವುದು) ಬಗ್ಗೆ ಕೇಳಿದರೆ ‘ಮೊದಲ ಬಲ್ಬಿನಲ್ಲಿ ಸ್ವಲ್ಪ ಕರೆಂಟ್ ಖರ್ಚಾಗಿ ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ’ ಎಂದು ಹಳೆಯ ತಪ್ಪನ್ನೇ ಹೇಳುತ್ತಾರೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಏನಾಗುತ್ತದೆ ಎಂದು ಮಕ್ಕಳು ಹೇಳುವ ಮೊದಲೇ ಏನಾಯಿತು ಎಂದು ನೀವು ತೋರಿಸಿಬಿಡುತ್ತಿದ್ದೀರಿ. ಹೆಚ್ಚಾಗಿ ಎಡವುವುದು ಅಲ್ಲೇ. ಪರದೆಯ ಮೇಲೆ ಬಲ್ಬ್ ಉರಿದ ಕೂಡಲೇ ಪ್ರತಿ ಮಗುವಿಗೂ ‘ನಾನೂ ಹಾಗೇ ಅಂದುಕೊಂಡಿದ್ದೆ’ ಅನ್ನಿಸುತ್ತದೆ. ಒಂದು ನಿಮಿಷದ ಹಿಂದೆ ತಾನು ಬೇರೆಯೇ ಅಂದುಕೊಂಡಿದ್ದೆ ಎಂಬುದು ಮಗುವಿಗೇ ನೆನಪಿರುವುದಿಲ್ಲ, ಏಕೆಂದರೆ ಅದನ್ನು ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಹಾಗಾಗಿ ಹಳೆಯ ಕಲ್ಪನೆಗೆ ಪೆಟ್ಟೇ ಬೀಳುವುದಿಲ್ಲ. ಮರುದಿನ ನೀವು ಕೇಳಿದಾಗ ಬಾಯಿಗೆ ಬರುವುದು ಅದೇ.

ಇದಕ್ಕೆ ಮದ್ದು ಸುಲಭದ್ದು, ಆದರೆ ಶಿಸ್ತು ಬೇಡುತ್ತದೆ. ಊಹೆಯನ್ನು ಬರೆಸಿ, ಆಮೇಲೆ ಗುಂಡಿ ಒತ್ತಿ, ಆಮೇಲೆ ಊಹೆಗೂ ಕಂಡದ್ದಕ್ಕೂ ಏಕೆ ವ್ಯತ್ಯಾಸ ಬಂತೆಂದು ಮಕ್ಕಳ ಬಾಯಲ್ಲೇ ಹೇಳಿಸಿ. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದ ಊಹೆಯನ್ನು ಮಗು ಅಲ್ಲಗಳೆಯಲಾರದು. ಇಡೀ ಪಾಠ ನಿಂತಿರುವುದು ಈ ಒಂದು ಹೆಜ್ಜೆಯ ಮೇಲೆ. ಉಳಿದದ್ದೆಲ್ಲ ಅದಕ್ಕೆ ಬೇಕಾದ ಸಿದ್ಧತೆ.

ಮೊದಲು ಉಪಕರಣ. ನಿಮ್ಮ ಪಾಠಕ್ಕೆ ಫೆಟ್ (PhET) ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಸಾಕು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷ, 2002ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನಲ್ಲಿ ಶುರುಮಾಡಿದ ಯೋಜನೆ ಇದು. ದುಡ್ಡಿಲ್ಲ, ಲಾಗಿನ್ ಬೇಕಿಲ್ಲ, ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ನಿಮಗೆ ಬೇಕಾದದ್ದು ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’. ಅದರಲ್ಲಿ ಓದುವ ಪದಗಳೇ ಕಡಿಮೆ, ಹೆಚ್ಚಿನದು ಚಿತ್ರ. ಹಾಗಾಗಿ ಇಂಗ್ಲಿಷ್ ಆವೃತ್ತಿಯೇ ಸಿಕ್ಕರೂ ಪಾಠ ನಿಲ್ಲುವುದಿಲ್ಲ. ಕನ್ನಡ ಆವೃತ್ತಿ ಬಳಸುವುದಾದರೆ ಹಿಂದಿನ ದಿನವೇ ಪದಗಳನ್ನು ನೋಡಿಕೊಳ್ಳಿ. ಪಠ್ಯಪುಸ್ತಕದಲ್ಲಿ ‘ರೋಧ’ (ಕರೆಂಟಿಗೆ ಒಡ್ಡುವ ತಡೆ) ಎಂದು ಓದಿದ ಮಗುವಿಗೆ ಪರದೆಯಲ್ಲಿ ‘ಪ್ರತಿರೋಧ’ ಎಂದು ಕಂಡರೆ ಎರಡೂ ಬೇರೆ ಬೇರೆ ಎಂದುಕೊಳ್ಳುವ ಅಪಾಯವಿದೆ. ಅಂಥ ಜೋಡಿ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಮೊದಲೇ ಬರೆದಿಡಿ.

ಹಾಟ್‌ಸ್ಪಾಟಿನ ಚಿಂತೆ ಬಿಡಿ. ಫೆಟ್‌ನ ಈಗಿನ ಪ್ರತಿ ಸಿಮ್ಯುಲೇಶನ್ನೂ ಒಂದೇ ಒಂದು ಎಚ್‌ಟಿಎಂಎಲ್ ಕಡತ, ಕೆಲವೇ ಎಂಬಿ. ಆ ಪುಟದಲ್ಲಿರುವ ಡೌನ್‌ಲೋಡ್ ಗುರುತು ಒತ್ತಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆ ಬ್ರೌಸರಿನಲ್ಲೇ ತೆರೆಯುತ್ತದೆ. ಇಲ್ಲಿ ಕೆಡುವುದು ಎರಡು ಕಡೆ. ಒಂದು, ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ಅದರಲ್ಲಿ ಕ್ರೋಮ್ 109ನೇ ಆವೃತ್ತಿಯ ಮೇಲೆ ಹೋಗುವುದಿಲ್ಲ, ಎಷ್ಟೋ ಕಡೆ ಅದಕ್ಕಿಂತಲೂ ಹಳೆಯದೇ ಕೂತಿರುತ್ತದೆ. ಕಡತ ತೆರೆದಾಗ ಬರೀ ಬಿಳಿ ಪರದೆ ಬಂದರೆ ಮೊದಲು ಬ್ರೌಸರ್ ಹೊಸದು ಮಾಡಿ. ಎರಡನೆಯದು ಫೋನ್. ಕೆಲವು ಆಂಡ್ರಾಯ್ಡ್ ಫೋನುಗಳು ಎಚ್‌ಟಿಎಂಎಲ್ ಕಡತವನ್ನು ಕ್ರೋಮ್ ಬದಲು ತಮ್ಮದೇ ‘ವ್ಯೂವರ್’ನಲ್ಲಿ ತೆರೆಯುತ್ತವೆ, ಅಲ್ಲಿ ಸಿಮ್ಯುಲೇಶನ್ ಓಡುವುದಿಲ್ಲ. ‘ಇದರಲ್ಲಿ ತೆರೆ’ ಎಂಬ ಆಯ್ಕೆಯಿಂದ ಬ್ರೌಸರನ್ನೇ ಆರಿಸಿ. ಹಳೆಯ ತರಬೇತಿಯ ಸಿಡಿಗಳಲ್ಲಿರುವ ಫ್ಲ್ಯಾಶ್ ಪ್ರಾತ್ಯಕ್ಷಿಕೆಗಳ ಹಿಂದೆ ಬೀಳಬೇಡಿ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, ಈಗಿನ ಬ್ರೌಸರಿನಲ್ಲಿ ಅವು ತೆರೆಯುವುದಿಲ್ಲ.

ಇನ್ನು 40 ನಿಮಿಷದ ಪಿರಿಯಡ್ಡಿಗೆ ಬರೋಣ. ಪ್ರೊಜೆಕ್ಟರ್ ಹಚ್ಚಿ ಪಾಠ ಶುರುಮಾಡಬೇಡಿ. ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಒಂದು ಬ್ಯಾಟರಿ, ಒಂದು ಬಲ್ಬಿನ ಮಂಡಲ (ಸರ್ಕ್ಯೂಟ್) ಬರೆಯಿರಿ. ಸಿಮ್ಯುಲೇಶನ್ನಿನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್ ಎಂದೇ ಮೊದಲಿಗೆ ಬರುತ್ತದೆ, ಆ ಅಂಕಿಗಳನ್ನೇ ಬರೆಯಿರಿ. ಪ್ರವಾಹ (ಕರೆಂಟ್) 0.9 ಆಂಪಿಯರ್ ಎಂಬ ಲೆಕ್ಕವನ್ನು ಮಕ್ಕಳೇ ಮಾಡುತ್ತಾರೆ. ಈಗ ಪಕ್ಕದಲ್ಲಿ ಎರಡು ಬಲ್ಬುಗಳ ಸರಣಿ ಜೋಡಣೆ ಬರೆದು ಪ್ರಶ್ನೆ ಕೇಳಿ: ಮೊದಲ ಬಲ್ಬಿಗಿಂತ ಮುಂಚಿನ ತಂತಿಯಲ್ಲಿ ಎಷ್ಟು ಪ್ರವಾಹ, ಎರಡು ಬಲ್ಬುಗಳ ನಡುವಿನ ತಂತಿಯಲ್ಲಿ ಎಷ್ಟು? ನಾಲ್ಕು ಉತ್ತರ ಕೊಡಿ. 1: ಎರಡೂ ಕಡೆ 0.9. 2: ಎರಡೂ ಕಡೆ 0.45. 3: ಮೊದಲು 0.9, ನಡುವೆ 0.45. 4: ಎರಡೂ ಕಡೆ 1.8.

ಈ ಆಯ್ಕೆಗಳು ಸುಮ್ಮನೆ ಜೋಡಿಸಿದವಲ್ಲ. 1 ಎನ್ನುವ ಮಗು ಬ್ಯಾಟರಿ ಯಾವಾಗಲೂ ಅಷ್ಟೇ ಪ್ರವಾಹ ಕೊಡುತ್ತದೆ ಎಂದು ನಂಬಿದೆ. 3 ಎನ್ನುವುದು ನೀವು ಬರೆದ ‘ಖರ್ಚಾಗುವ ಕರೆಂಟ್’. 4 ಎನ್ನುವ ಮಗು ಸಮಾಂತರ ಜೋಡಣೆಯ (ಪ್ರತಿ ಬಲ್ಬಿಗೂ ಬೇರೆ ದಾರಿ ಇರುವುದು) ಲೆಕ್ಕವನ್ನು ಇಲ್ಲಿಗೆ ತಂದಿದೆ. ಪ್ರತಿ ತಪ್ಪು ಆಯ್ಕೆಯೂ ಮಕ್ಕಳ ತಲೆಯಲ್ಲಿ ನಿಜವಾಗಿ ಇರುವ ಒಂದು ಕಲ್ಪನೆಯನ್ನು ಹಿಡಿಯುವಂತಿರಬೇಕು. ಬಾಯಿಗೆ ಬಂದ ಅಂಕಿ ಹಾಕಿದರೆ ಯಾರು ಏಕೆ ತಪ್ಪಿದರು ಎಂಬುದು ನಿಮಗೇ ತಿಳಿಯುವುದಿಲ್ಲ.

ಉತ್ತರ ನೋಟ್‌ಬುಕ್ಕಿನಲ್ಲಿ ಬರೆಯಲು ಒಂದು ನಿಮಿಷ ಕೊಡಿ, ಮಾತಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ತೋರಿಸಬೇಕು. ಎ4 ಹಾಳೆಯನ್ನು ನಾಲ್ಕಾಗಿ ಮಡಚಿ ಪ್ರತಿ ಮಡಿಕೆಯಲ್ಲೂ 1, 2, 3, 4 ಎಂದು ದಪ್ಪಗೆ ಬರೆಸಿಟ್ಟರೆ ಇಡೀ ವರ್ಷಕ್ಕಾಗುತ್ತದೆ. ಬೇಕಾದ ಅಂಕಿ ಹೊರಗೆ ಕಾಣುವಂತೆ ಮಡಚಿ, ಎದೆಯ ಹತ್ತಿರ ಹಿಡಿಯಬೇಕು. ಕೈ ಎತ್ತಿಸಬೇಡಿ. ಕೈ ಎತ್ತುವಾಗ ಮಕ್ಕಳು ಮುಂದಿನ ಬೆಂಚಿನ ಜಾಣರ ಕಡೆ ನೋಡಿ ಎತ್ತುತ್ತಾರೆ. ಪ್ಲಿಕರ್ಸ್ ಎಂಬ ಆ್ಯಪ್ ಕೂಡ ಇದೇ ಕೆಲಸ ಮಾಡುತ್ತದೆ: ಪ್ರತಿ ಮಗುವಿಗೂ ಬೇರೆ ಬೇರೆ ವಿನ್ಯಾಸದ ಕಾಗದದ ಚೌಕ, ಯಾವ ಅಂಚು ಮೇಲಿದೆ ಎಂಬುದರ ಮೇಲೆ ಉತ್ತರ, ನಿಮ್ಮ ಫೋನಿನ ಕ್ಯಾಮೆರಾ ತರಗತಿಯುದ್ದಕ್ಕೂ ಓದಿಕೊಳ್ಳುತ್ತದೆ. ಮಕ್ಕಳ ಕೈಯಲ್ಲಿ ಫೋನ್ ಬೇಕಿಲ್ಲ. ಆ ಚೌಕಗಳಿಗೆ ಮಿರಮಿರ ಮಿಂಚುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ತಪ್ಪುತ್ತದೆ. ನಿಮ್ಮ ಹಾಟ್‌ಸ್ಪಾಟ್ ಪರಿಸ್ಥಿತಿಗೆ ಮಡಚಿದ ಹಾಳೆಯೇ ಮೇಲು.

ಕಾರ್ಡ್ (ಮಡಚಿದ ಹಾಳೆ) ಕಂಡ ಮೇಲೆ ಏನು ಮಾಡಬೇಕು ಎಂಬುದಕ್ಕೆ ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಿಂದ ಬಳಸುತ್ತಾ ಬಂದ ಒಂದು ಅಂದಾಜು ಬಹಳ ಉಪಯೋಗಕ್ಕೆ ಬರುತ್ತದೆ. ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಪಾಠ ಇನ್ನೂ ತಲುಪಿಲ್ಲ, ಮತ್ತೆ ವಿವರಿಸಿ. ಶೇ 70 ದಾಟಿದರೆ ಚುಟುಕಾಗಿ ಹೇಳಿ ಮುಂದೆ ಹೋಗಿ. ನಡುವೆ ಇದ್ದರೆ ಬೇರೆ ಉತ್ತರ ಹಿಡಿದ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ ಮಾಡಲು ಬಿಟ್ಟು ಮತ್ತೊಮ್ಮೆ ಮತ ಹಾಕಿಸಿ. ನಿಮ್ಮ 42ರ ತರಗತಿಯಲ್ಲಿ ಅಂದರೆ 13ರಿಂದ 29 ಕಾರ್ಡು ಸರಿ ಇದ್ದಾಗ. ಎಣಿಸುತ್ತಾ ಕೂರಬೇಡಿ, ಒಂದು ನೋಟದಲ್ಲೇ ತಿಳಿಯುತ್ತದೆ. ವಾದ ನಡೆಯುವಾಗ ಸರಿ ಉತ್ತರದ ಸುಳಿವು ನಿಮ್ಮ ಮುಖದಲ್ಲೂ ಕಾಣಬಾರದು.

ಈ ಹೊತ್ತಿನಲ್ಲಿ ನೀವು ಲ್ಯಾಪ್‌ಟಾಪಿನಲ್ಲಿ ಮಂಡಲ ಜೋಡಿಸಿಡಬಹುದು. ಪ್ರೊಜೆಕ್ಟರಿನ ರಿಮೋಟಿನಲ್ಲಿ ‘ಫ್ರೀಜ್’ ಅಥವಾ ‘ಬ್ಲ್ಯಾಂಕ್’ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನೀವು ಮಾಡುವುದು ಗೋಡೆಯ ಮೇಲೆ ಕಾಣುವುದಿಲ್ಲ. ಜೋಡಿಸುವ ಮೂರು ನಿಮಿಷ ಮಕ್ಕಳು ಮೌಸನ್ನು ನೋಡುತ್ತಾ ಕೂತರೆ ಗಮನ ಚದುರುತ್ತದೆ. ಕೊನೆಯ ತಂತಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿದ್ಧವಿರಲಿ. ಎರಡನೇ ಮತ ಮುಗಿದ ಮೇಲೆ ಪರದೆ ತೆರೆದು ಆ ತಂತಿಯನ್ನು ಒಬ್ಬ ವಿದ್ಯಾರ್ಥಿಯಿಂದ ಸೇರಿಸಿ.

ಆಗ ತೋರಿಸಬೇಕಾದದ್ದು ಬಲ್ಬಿನ ಬೆಳಕಲ್ಲ, ತಂತಿಯೊಳಗಿನ ನೀಲಿ ಚುಕ್ಕೆಗಳು. ಅವು ಎಲೆಕ್ಟ್ರಾನುಗಳು. ಬಲ್ಬಿಗೆ ಹೋಗುವಾಗ ಯಾವ ವೇಗವೋ ಹೊರಬರುವಾಗಲೂ ಅದೇ ವೇಗ, ಸಾಲಿನಲ್ಲಿ ಒಂದು ಚುಕ್ಕೆಯೂ ಕಡಿಮೆಯಾಗುವುದಿಲ್ಲ. 3 ಎಂದು ಬರೆದವರಲ್ಲಿ ಒಬ್ಬರನ್ನು ಕರೆದು, ಗೋಡೆಯ ಮೇಲೆ ಬೆರಳಿಟ್ಟು, ಒಂದು ಜಾಗ ದಾಟುವ ಚುಕ್ಕೆಗಳನ್ನು ಹತ್ತು ಸೆಕೆಂಡು ಎಣಿಸಲು ಹೇಳಿ, ಮೊದಲು ಬಲ್ಬಿನ ಈಚೆ, ಆಮೇಲೆ ಆಚೆ. ಆಮೇಲೆ ಅಮ್ಮೀಟರ್ ಎಳೆದು ಎರಡೂ ಕಡೆ 0.45 ತೋರಿಸಿ. ಎಣಿಸಿದ ಮಗುವಿಗೆ ಅಮ್ಮೀಟರಿನ ಅಂಕಿ ಅರ್ಥವಾಗುತ್ತದೆ. ಬರೀ ಅಂಕಿ ನೋಡಿದ ಮಗು ಅದನ್ನು ಬಾಯಿಪಾಠ ಮಾಡುತ್ತದೆ. ‘ಹಾಗಾದರೆ ಬಲ್ಬಿನಲ್ಲಿ ಖರ್ಚಾಗುವುದು ಏನು?’ ಎಂಬ ಪ್ರಶ್ನೆ ಈಗ ತಾನಾಗಿ ಏಳುತ್ತದೆ. ಅದು ಶಕ್ತಿ. ವೋಲ್ಟ್‌ಮೀಟರಿನ ಕಡ್ಡಿಗಳನ್ನು ಪ್ರತಿ ಬಲ್ಬಿನ ಎರಡು ತುದಿಗೆ ಇಟ್ಟು 4.5, 4.5 ತೋರಿಸಬೇಕಾದ ಸಮಯ ಅದೇ. ಬಲ್ಬಿನ ಬೆಳಕು ಅರ್ಧಕ್ಕಲ್ಲ, ಅದಕ್ಕಿಂತ ಬಹಳ ಕುಗ್ಗಿದಂತೆ ಏಕೆ ಕಾಣುತ್ತದೆ ಎಂದು ಕೇಳಿದರೆ ಲೆಕ್ಕ ಮಾಡಿಸಿ: ಒಂಟಿ ಬಲ್ಬಿಗೆ 8.1 ವ್ಯಾಟ್, ಸರಣಿಯಲ್ಲಿ ಪ್ರತಿ ಬಲ್ಬಿಗೆ 2 ವ್ಯಾಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಕಾಲು ಭಾಗ.

ಇದಾದ ಮೇಲೆ ಇನ್ನೊಂದೇ ಒಂದು ಪ್ರಶ್ನೆಗೆ ಸಮಯ ಉಳಿಯುತ್ತದೆ. ಆ ಒಂದು ಹೀಗಿರಲಿ: ಬ್ಯಾಟರಿಗೆ ಮೊದಲು ಬಲ್ಬ್ ಅ, ಅದರ ನಂತರ ‘ಆ’ ಮತ್ತು ‘ಇ’ ಎಂಬ ಬಲ್ಬುಗಳು ಸಮಾಂತರವಾಗಿ. ‘ಆ’ ಬಲ್ಬನ್ನು ತೆಗೆದರೆ ಅ ಏನಾಗುತ್ತದೆ, ಇ ಏನಾಗುತ್ತದೆ? ಬ್ಯಾಟರಿ ಅದೇ 9 ವೋಲ್ಟ್, ಬಲ್ಬ್ ಒಂದೊಂದೂ 10 ಓಮ್; ಹಾಗಾಗಿ ಮೊದಲು ಒಟ್ಟು ರೋಧ 15 ಓಮ್, ಪ್ರವಾಹ 0.6. ಅದು ಇಬ್ಭಾಗವಾಗಿ ಆ, ಇ ಎರಡಕ್ಕೂ 0.3. ತೆಗೆದ ಮೇಲೆ ಒಟ್ಟು ರೋಧ 20 ಓಮ್, ಪ್ರವಾಹ 0.45, ಅ ಮತ್ತು ಇ ಎರಡರಲ್ಲೂ ಅಷ್ಟೇ. ಅಂದರೆ ಅ ಮಂಕಾಗುತ್ತದೆ, ಇ ಹೊಳೆಯುತ್ತದೆ. ‘ಮುಂದೆ ಏನೋ ತೆಗೆದರೆ ಹಿಂದಿನದಕ್ಕೆ ಏನಾಗುತ್ತದೆ, ಪ್ರವಾಹ ಅದನ್ನು ಆಗಲೇ ದಾಟಿ ಬಂದಿದೆಯಲ್ಲ’ ಎಂದು ಬಹಳ ಮಕ್ಕಳು ಹೇಳುತ್ತಾರೆ. ಈ ಮೂರು ಬಲ್ಬುಗಳ ಮಂಡಲ ಆ ನಂಬಿಕೆಯನ್ನು ಬುಡದಿಂದ ಅಲ್ಲಾಡಿಸುತ್ತದೆ. ಕೊನೆಗೆ ಚಿತ್ರದ ಬಲ್ಬುಗಳನ್ನು ಸಂಕೇತಗಳಾಗಿ ಬದಲಿಸುವ ಗುಂಡಿ ಒತ್ತಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಬರುವ ನಕ್ಷೆಯೂ ತಾವು ಈಗ ನೋಡಿದ ಮಂಡಲವೂ ಒಂದೇ ಎಂಬುದು ಎಷ್ಟೋ ಮಕ್ಕಳಿಗೆ ಹೊಳೆಯುವುದೇ ಅಲ್ಲಿ.

ಈಗ ಒಂದು ಎಚ್ಚರಿಕೆ, ಬಹಳ ಮುಖ್ಯವಾದದ್ದು. ಸಿಮ್ಯುಲೇಶನ್ ನಿಜವಲ್ಲ, ನಿಜದ ಸರಳ ಮಾದರಿ. ಅದು ಎಲ್ಲಿ ಸರಳ ಮಾಡಿದೆ ಎಂದು ನೀವು ಹೇಳದಿದ್ದರೆ ಮಕ್ಕಳ ತಲೆಗೆ ಹೊಸ ತಪ್ಪುಗಳು ಸೇರುತ್ತವೆ. ತಂತಿಯಲ್ಲಿ ಸರಸರ ಓಡುವ ಚುಕ್ಕೆಗಳನ್ನು ನೋಡಿ ಎಲೆಕ್ಟ್ರಾನು ಹಾಗೇ ಓಡುತ್ತದೆ ಎಂದುಕೊಳ್ಳುತ್ತಾರೆ. ಮನೆಯ ತಾಮ್ರದ ತಂತಿಯಲ್ಲಿ ಅವು ಸರಿಯುವ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಜೋಡಿಸಿದರೆ ಪರದೆಯಲ್ಲಿ ಚಂದದ ಬೆಂಕಿ ಹತ್ತುತ್ತದೆ, ಮಕ್ಕಳು ಅದನ್ನೇ ಹತ್ತು ಸಲ ಮಾಡುತ್ತಾರೆ. ಮನೆಯ ಇನ್ವರ್ಟರ್ ಬ್ಯಾಟರಿಗೋ 230 ವೋಲ್ಟಿನ ಪ್ಲಗ್ಗಿಗೋ ಇದನ್ನು ಮಾಡಿದರೆ ಕೈ ಸುಡುತ್ತದೆ, ಜೀವವೇ ಹೋಗಬಹುದು ಎಂದು ಆ ಕ್ಷಣದಲ್ಲೇ ಹೇಳಿ, ನಾಳೆಗೆ ಇಡಬೇಡಿ.

ಮೂರನೆಯದು ಬ್ಯಾಟರಿ. ಸಿಮ್ಯುಲೇಶನ್ನಿನ ಬ್ಯಾಟರಿಗೆ ಮೊದಲಿಗೆ ಆಂತರಿಕ ರೋಧವಿಲ್ಲ, ಅಂದರೆ ಬ್ಯಾಟರಿಯ ಒಳಗೇ ಪ್ರವಾಹಕ್ಕೆ ತಡೆಯಿಲ್ಲ. ಸಮಾಂತರವಾಗಿ ಎಷ್ಟು ಬಲ್ಬ್ ಸೇರಿಸಿದರೂ ಯಾವುದೂ ಮಂಕಾಗುವುದಿಲ್ಲ. ನೀವು ಮರುದಿನ ಮೇಜಿನ ಮೇಲೆ ನಿಜವಾದ ಸೆಲ್ಲಿಗೆ ಎರಡನೇ ಬಲ್ಬ್ ಸೇರಿಸಿದರೆ ಮೊದಲಿನದು ಕಣ್ಣಿಗೆ ಕಾಣುವಷ್ಟು ಮಂಕಾಗುತ್ತದೆ, ಸೆಲ್ ಹಳೆಯದಾದರೆ ಇನ್ನೂ ಹೆಚ್ಚು. ‘ಕಂಪ್ಯೂಟರ್ ಸುಳ್ಳು ಹೇಳಿತು’ ಎನ್ನುತ್ತಾರೆ ಮಕ್ಕಳು. ಇದನ್ನು ಮುಚ್ಚಿಡುವ ಬದಲು ಪಾಠ ಮಾಡಿಕೊಳ್ಳಿ. ‘ಲ್ಯಾಬ್’ ಎಂಬ ಪರದೆಯಲ್ಲಿ ಬ್ಯಾಟರಿಯ ಆಂತರಿಕ ರೋಧ ಬದಲಿಸುವ ಪಟ್ಟಿ ಇದೆ. ಅದನ್ನು 5 ಓಮಿಗೆ ಎಳೆಯಿರಿ. ಒಂದು ಬಲ್ಬ್ ಇದ್ದಾಗ ಪ್ರವಾಹ 0.6, ಬಲ್ಬಿಗೆ ಸಿಗುವುದು 6 ವೋಲ್ಟ್. ಸಮಾಂತರವಾಗಿ ಎರಡನೆಯದು ಸೇರಿಸಿದರೆ ಒಟ್ಟು 0.9, ಪ್ರತಿ ಬಲ್ಬಿಗೆ 4.5 ವೋಲ್ಟ್ ಮಾತ್ರ. ಮೇಜಿನ ಮೇಲೆ ಕಂಡದ್ದು ಈಗ ಪರದೆಯ ಮೇಲೂ ಕಾಣುತ್ತದೆ. ಮಾದರಿಗೂ ವಸ್ತುವಿಗೂ ಇರುವ ಸಂಬಂಧವನ್ನು ಪ್ರೌಢಶಾಲೆಯಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಅವಕಾಶ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ.

ಆದ್ದರಿಂದ ನಿಜವಾದ ಬಲ್ಬ್ ಬಿಡಬೇಡಿ. 1.5 ವೋಲ್ಟಿನ ಎರಡು ಸೆಲ್, 2.5 ವೋಲ್ಟ್ 0.3 ಆಂಪಿಯರಿನ ಹಳೆಯ ಟಾರ್ಚ್ ಬಲ್ಬುಗಳು ಮೂರು. ಬಲ್ಬ್ ಸಿಗುತ್ತಿಲ್ಲವೆಂದು ಎಲ್‌ಇಡಿ ಹಾಕಬೇಡಿ. ಕೆಂಪು ಎಲ್‌ಇಡಿ ಒಂದಕ್ಕೇ ಸುಮಾರು 1.8 ವೋಲ್ಟ್ ಬೇಕು. ಎರಡನ್ನು ಸರಣಿಯಲ್ಲಿ 3 ವೋಲ್ಟಿಗೆ ಜೋಡಿಸಿದರೆ ಎರಡೂ ಉರಿಯುವುದಿಲ್ಲ, ಸರಣಿ ಜೋಡಣೆಯಲ್ಲಿ ಬೆಳಕೇ ಬರುವುದಿಲ್ಲ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಇನ್ನೊಂದು: ಟಾರ್ಚ್ ಬಲ್ಬಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಒಂದೆರಡು ಓಮ್ ಬರುತ್ತದೆ, ಉರಿಯುವಾಗ ಲೆಕ್ಕದ ಪ್ರಕಾರ 8 ಓಮಿನ ಮೇಲಿರುತ್ತದೆ. ಟಂಗ್‌ಸ್ಟನ್ ತಂತಿ ಕಾದಂತೆ ರೋಧ ಏರುತ್ತದೆ. ಓಮ್‌ನ ನಿಯಮದ ನೇರ ಗೆರೆ ಬೇಕಾದಾಗ ಬಲ್ಬ್ ಬಳಸದೆ ಪಠ್ಯಪುಸ್ತಕದಲ್ಲಿರುವಂತೆ ನಿಕ್ರೋಮ್ ತಂತಿಯನ್ನೇ ಬಳಸಬೇಕಾದ್ದು ಇದಕ್ಕೇ.

ವಿಡಿಯೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆಗೆ ಎರಡು ಮೂರು ನಿಮಿಷ ಸಾಕು, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲೇಬೇಕು. ಯೂಟ್ಯೂಬಿನಲ್ಲಿ ಕೆ ಅಕ್ಷರ ಒತ್ತಿದರೆ ನಿಲ್ಲುತ್ತದೆ, ಜೆ ಒತ್ತಿದರೆ 10 ಸೆಕೆಂಡು ಹಿಂದೆ, ಎಲ್ ಒತ್ತಿದರೆ ಅಷ್ಟೇ ಮುಂದೆ. ನಿಲ್ಲಿಸಿದ ಮೇಲೆ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳಿಂದ ಒಂದೊಂದೇ ಚೌಕಟ್ಟು ಸರಿಸಬಹುದು. ಮುಂದಿನ ವಿಡಿಯೊ ತಾನಾಗಿ ಓಡುವ ಆಯ್ಕೆಯನ್ನು ತರಗತಿಗೆ ಬರುವ ಮೊದಲೇ ಆಫ್ ಮಾಡಿ. ಡೇಟಾ ಉಳಿಸಬೇಕಾದರೆ ದೀಕ್ಷಾ ಆ್ಯಪಿನಿಂದ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಓದಿಸಿ, ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಆನ್‌ಲೈನ್ ಕ್ವಿಜ್ ಮಾಡುವುದಾದರೆ ಕನ್ನಡದ್ದೇ ಎರಡು ತೊಡಕುಗಳಿವೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಬೇಕು. ಎರಡನೆಯದು, ಗೂಗಲ್ ಫಾರ್ಮ್ಸ್‌ನಲ್ಲಿ ಚುಟುಕು ಉತ್ತರಕ್ಕೆ ತಾನಾಗಿ ಅಂಕ ಬೀಳುವಂತೆ ಮಾಡಿದರೆ ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಓಮ್, ಓಂ ಎರಡೂ ನಮಗೆ ಒಂದೇ, ಅದಕ್ಕೆ ಬೇರೆ. ‘ಓಮ್‌ನ’ ಎನ್ನುವಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಅದಿದ್ದರೆ ಸರಿ, ಇಲ್ಲದಿದ್ದರೆ ತಪ್ಪು ಎನ್ನುತ್ತದೆ. ಸರಿ ಬರೆದ ಮಗುವಿಗೆ ಯಂತ್ರ ಸೊನ್ನೆ ಕೊಡುವುದು ಅನ್ಯಾಯ. ಕನ್ನಡದಲ್ಲಿ ಬಹುಆಯ್ಕೆಯ ಪ್ರಶ್ನೆಗಳನ್ನೇ ಇಡಿ, ಬರೆಸುವ ಉತ್ತರವನ್ನು ನೀವೇ ತಿದ್ದಿ.

ಮಕ್ಕಳ ಹೆಸರಿನಲ್ಲಿ ಖಾತೆ ತೆರೆಸುವ ಜಾಲತಾಣಗಳಿಂದ ದೂರವಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಹೆಸರು, ಫೋನ್ ಸಂಖ್ಯೆ ಕೇಳದೆ ಹಾಜರಿ ಸಂಖ್ಯೆಯಲ್ಲೇ ಕೆಲಸ ನಡೆಯುತ್ತದೆ.

ವಾರಕ್ಕೊಮ್ಮೆ ಕಂಪ್ಯೂಟರ್ ಕೋಣೆ ಸಿಗುವುದಾದರೆ ಮೂವರಿಗೊಂದು ಯಂತ್ರ. ಒಬ್ಬರ ಕೈಯಲ್ಲಿ ಮೌಸ್, ಒಬ್ಬರು ಏನು ಮಾಡಬೇಕೆಂದು ಹೇಳುವವರು, ಒಬ್ಬರು ಬರೆಯುವವರು. ಮೌಸ್ ಹಿಡಿದವರು ಹೇಳಿದ್ದನ್ನು ಮಾತ್ರ ಮಾಡಬೇಕು. ಈ ನಿಯಮ ಇಲ್ಲದಿದ್ದರೆ ಗುಂಪಿನ ಚುರುಕು ಹುಡುಗ ಒಬ್ಬನೇ ಎಲ್ಲ ಮಾಡಿ ಮುಗಿಸುತ್ತಾನೆ. ಐದು ನಿಮಿಷಕ್ಕೊಮ್ಮೆ ಬದಲಾಗಲಿ. ಮೊದಲ ಐದು ನಿಮಿಷ ಸುಮ್ಮನೆ ಆಡಲು ಬಿಡಿ, ಸಿಮ್ಯುಲೇಶನ್ನಿನಲ್ಲಿರುವ ನಾಯಿಗೂ ನಾಣ್ಯಕ್ಕೂ ತಂತಿ ಸಿಕ್ಕಿಸಿ ನೋಡಲಿ. ಆ ಹಂಬಲ ತೀರದೆ ನಿಮ್ಮ ಪ್ರಶ್ನೆಗೆ ಯಾರೂ ಬರುವುದಿಲ್ಲ. ‘ಇಲ್ಲಿ ಒತ್ತಿ, ಈಗ ಇದನ್ನು ಎಳೆಯಿರಿ’ ಎಂಬ ಹೆಜ್ಜೆಹೆಜ್ಜೆಯ ಹಾಳೆ ಕೊಡಬೇಡಿ. ಮಕ್ಕಳು ಹಾಳೆ ಓದುತ್ತಾರೆ, ಮಂಡಲ ನೋಡುವುದಿಲ್ಲ. ‘ಮೂರು ಬಲ್ಬುಗಳಿವೆ. ಒಂದು ಮಾತ್ರ ಉಳಿದೆರಡಕ್ಕಿಂತ ಹೆಚ್ಚು ಬೆಳಗುವಂತೆ ಜೋಡಿಸಿ, ಏಕೆ ಎಂದು ಬರೆಯಿರಿ’ ಎಂಬಂಥ ಒಂದು ಸವಾಲು ಕೊಟ್ಟು ಸುತ್ತು ಹಾಕಿ.

ಮರುದಿನ ಪ್ರೊಜೆಕ್ಟರ್ ಹಚ್ಚದೆ, ಅಂಕಿ ಬದಲಿಸಿ, ಸರಣಿಯ ಪ್ರಶ್ನೆಯನ್ನು ಮತ್ತೆ ಕೇಳಿ: 6 ವೋಲ್ಟ್, 5 ಓಮಿನ ಮೂರು ಬಲ್ಬ್, ಕೊನೆಯ ಬಲ್ಬಿನ ಆಚೆ ಪ್ರವಾಹ ಎಷ್ಟು? 0.4 ಎಂದು ಬರೆದವರ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ತಪ್ಪು ಊಹೆ ಹಾಗೇ ಇರಲಿ, ಅಳಿಸಲು ಬಿಡಬೇಡಿ. ಅದರ ಕೆಳಗೆ ‘ನಾನು ಹೀಗೆ ಏಕೆ ಅಂದುಕೊಂಡಿದ್ದೆ’ ಎಂದು ಎರಡು ಸಾಲು ಬರೆಸಿ.